ಫುಲ್ ಟ್ಯಾಂಕ್ ಆದಾಗ ಮಾತ್ರ ಬರುವ ಪೆಟ್ರೋಲ್ ವಾಸನೆ

ಮೊದಲು ಹೇಳಿದ್ದು ಮಗಳು. ಹಿಂದಿನ ಸೀಟಿನಲ್ಲಿ ಕೂತಿದ್ದವಳು, "ಅಪ್ಪ, ಬಂಕಿನಿಂದ ಹೊರಟು ಅರ್ಧ ಗಂಟೆ ಆಯ್ತು. ಇನ್ನೂ ಬಂಕಿನ ವಾಸನೆ ಬರ್ತಿದೆ" ಎಂದಳು. ನನ್ನ ಕೈಗೆ ಎರಡು ಹನಿ ತಾಗಿರಬೇಕು ಎಂದು ಸುಮ್ಮನಾದೆ. ಮರುದಿನ ಬೆಳಿಗ್ಗೆ ಬಾಗಿಲು ತೆಗೆದರೆ ವಾಸನೆ ಮುಖಕ್ಕೆ ಹೊಡೆಯಿತು. ಕೈಗೆ ತಾಗಿದ ಎರಡು ಹನಿ ರಾತ್ರಿಯಿಡೀ ಕಾರಿನಲ್ಲಿ ಕೂತಿರುವುದಿಲ್ಲ ಅಲ್ವಾ?

ಕಾರಿಗೆ 14 ವರ್ಷ. ಪೆಟ್ರೋಲ್ ಇಂಜೆಕ್ಷನ್ ಎಂಜಿನ್. ಟ್ಯಾಂಕ್ ಪ್ಲಾಸ್ಟಿಕ್ಕಿನದು, ಹಿಂದಿನ ಸೀಟಿನ ಕೆಳಗಿದೆ. ಪಂಪು ಟ್ಯಾಂಕಿನ ಒಳಗೇ ಇದೆ. ಎರಡು ವರ್ಷದ ಹಿಂದೆ ಪಂಪು ಕೆಟ್ಟಾಗ ಒಂದು ಗ್ಯಾರೇಜಿನಲ್ಲಿ ಬದಲಿಸಿದ್ದರು. ಆ ವಿಷಯ ನನಗೆ ಆವತ್ತೇ ನೆನಪಾಗಿದ್ದರೆ ಒಂದು ತಿಂಗಳು ಉಳಿಯುತ್ತಿತ್ತು. ನೆನಪಾಗಲಿಲ್ಲ.

ಮೊದಲು ನೋಡಬೇಕಾದದ್ದು ಹನಿ ಬೀಳುತ್ತಿದೆಯೇ ಎಂದು. ಟಾರ್ಚ್ ಹಿಡಿದು ಕಾರಿನ ಕೆಳಗೆ ನೋಡಿದೆ, ಒಣಗಿತ್ತು. ಬಾನೆಟ್ ಎತ್ತಿ, ಎಂಜಿನ್ನಿಗೆ ಪೆಟ್ರೋಲ್ ಚಿಮುಕಿಸುವ ಇಂಜೆಕ್ಟರುಗಳ ಬುಡ, ಪೈಪು ಸೇರುವ ಜಾಗಗಳನ್ನು ಬಿಳಿ ಟಿಶ್ಯೂ ಪೇಪರಿನಿಂದ ಒರೆಸಿದೆ. ಪೇಪರಿನಲ್ಲಿ ಧೂಳು ಬಂತು, ಪೆಟ್ರೋಲ್ ಬರಲಿಲ್ಲ. ಎಲ್ಲಾದರೂ ಒದ್ದೆ ಕಂಡರೆ ಕಾರನ್ನು ಸ್ಟಾರ್ಟ್ ಮಾಡಲೇಬಾರದು, ತಳ್ಳಿಕೊಂಡು ಬಯಲಿಗೆ ತರಬೇಕು. ಪೆಟ್ರೋಲ್ ಸೊನ್ನೆಗಿಂತ 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಹಾಗಾಗಿ ಮೇಲಕ್ಕೆ ಹೋಗದೆ ನೆಲಕ್ಕೆ ಹರಿದು, ತಗ್ಗಿನಲ್ಲಿ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಸೇರಿದರೆ ಸಾಕು, ಒಂದು ಕಿಡಿಗೆ ಹತ್ತಿಕೊಳ್ಳುತ್ತದೆ. ಮುಚ್ಚಿದ ಶೆಡ್ಡಿನಲ್ಲಿ ಕಾರು ನಿಲ್ಲಿಸುವುದನ್ನು ಅವತ್ತೇ ಬಿಟ್ಟೆ. ಅದೊಂದು ಕೆಲಸವನ್ನು ಮಾತ್ರ ಸರಿಯಾಗಿ ಮಾಡಿದೆ ಅನ್ನಬೇಕು.

ಮುಂದೆ ಮಾಡಿದ್ದೆಲ್ಲ ದಡ್ಡತನ. ಪೆಟ್ರೋಲ್ ಹಾಕುವ ಮುಚ್ಚಳದ ರಬ್ಬರಿನಲ್ಲಿ ಒಂದು ಸಣ್ಣ ಬಿರುಕು ಕಂಡಿತು. ಸಿಕ್ಕಿತು ಎಂದುಕೊಂಡು ಹೊಸ ಮುಚ್ಚಳ ತಂದೆ. ಮೂರು ದಿನ ವಾಸನೆ ಬರಲಿಲ್ಲ. ಎಲ್ಲರ ಹತ್ತಿರವೂ ಹೇಳಿಕೊಂಡು ಬಂದೆ. ಮುಂದಿನ ಸಲ ಟ್ಯಾಂಕ್ ತುಂಬಿಸಿದ ಕೂಡಲೇ ವಾಸನೆ ವಾಪಸ್ ಬಂತು.

ಆಮೇಲೆ ಪರ್ಜ್ ವಾಲ್ವ್ ಮೇಲೆ ಅನುಮಾನ ಹೋಯಿತು. ಟ್ಯಾಂಕಿನಲ್ಲಿ ಏಳುವ ಆವಿಯನ್ನು ಹೊರಗೆ ಬಿಡದೆ, ಇದ್ದಿಲು ತುಂಬಿದ ಒಂದು ಡಬ್ಬಿಯಲ್ಲಿ ಹಿಡಿದಿಡುತ್ತಾರೆ. ಅದಕ್ಕೆ ಚಾರ್ಕೋಲ್ ಕ್ಯಾನಿಸ್ಟರ್ ಎನ್ನುತ್ತಾರೆ. ಎಂಜಿನ್ ಓಡುವಾಗ ಪರ್ಜ್ ವಾಲ್ವ್ ಆಗಾಗ ತೆರೆದುಕೊಳ್ಳುತ್ತದೆ. ಎಂಜಿನ್ ಆ ಆವಿಯನ್ನು ಎಳೆದುಕೊಂಡು ಸುಡುತ್ತದೆ. ವಾಲ್ವ್ ಮುಚ್ಚದೆ ನಿಂತುಬಿಟ್ಟರೆ ಪೆಟ್ರೋಲ್ ಹಾಕಿಸಿದ ಮೇಲೆ ಸ್ಟಾರ್ಟ್ ಆಗಲು ಗಾಡಿ ಸತಾಯಿಸುತ್ತದೆ, ಐಡ್ಲಿಂಗಿನಲ್ಲಿ ನಡುಗುತ್ತದೆ. ನನ್ನದರಲ್ಲಿ ಎರಡೂ ಇರಲಿಲ್ಲ. ಆದರೂ ಬಿಚ್ಚಿದೆ. ಕರೆಂಟ್ ಕೊಡದೆ ಒಂದು ಸ್ವಚ್ಛ ಪೈಪಿನ ತುಂಡು ಹಾಕಿ ಊದಿದರೆ ಗಾಳಿ ದಾಟಬಾರದು. ದಾಟಲಿಲ್ಲ. ಕಾರಿನಿಂದ ದೂರ ಕೊಂಡೊಯ್ದು 12 ವೋಲ್ಟ್ ಕೊಟ್ಟರೆ ಟಕ್ ಎಂದು ತೆರೆಯಬೇಕು. ತೆರೆಯಿತು. ವಾಲ್ವ್ ಸರಿಯಿತ್ತು. ಊದಬಹುದು, ಆದರೆ ಬಾಯಿಂದ ಎಳೆಯಬೇಡಿ. ಆ ಪೈಪಿನಲ್ಲಿ ಇರುವುದು ಬೆಂಜೀನ್ ಸೇರಿದ ಆವಿ, ಕ್ಯಾನ್ಸರ್ ತರುವ ವಸ್ತು.

ಕಾರಿನ ಕಂಪ್ಯೂಟರ್ ದಾಖಲಿಸಿದ ದೋಷದ ಕೋಡುಗಳನ್ನು ಓದುವ ಸ್ಕ್ಯಾನರ್ ಹಾಕಿ ನೋಡಿದೆ, ಯಾವ ಕೋಡೂ ಇಲ್ಲ. ಟ್ಯಾಂಕಿನ ಆವಿ ಸೋರಿಕೆಯನ್ನು ತಾನೇ ಪರೀಕ್ಷಿಸಿಕೊಳ್ಳುವ ಕಾರುಗಳಲ್ಲಿ ಸಣ್ಣ ಸೋರಿಕೆಗೆ ಪಿ0442, ತೀರಾ ಸಣ್ಣದಕ್ಕೆ ಪಿ0456, ದೊಡ್ಡದಕ್ಕೆ ಪಿ0455 ಎಂದು ಬರುತ್ತದೆ. ನನ್ನ ಕಾರಿನಲ್ಲಿ ಆ ಏರ್ಪಾಡೇ ಇಲ್ಲ. ಕೋಡ್ ಇಲ್ಲ ಎಂದರೆ ಸೋರಿಕೆ ಇಲ್ಲ ಎಂದು ಅರ್ಥವಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಇನ್ನೊಂದು ವಾರ ಬೇಕಾಯಿತು.

ಒಬ್ಬ ಗೆಳೆಯನಿಂದ ಗ್ಯಾಸ್ ಸೋರಿಕೆ ಹಿಡಿಯುವ ಸಣ್ಣ ಮೀಟರನ್ನೂ ತಂದು ನೋಡಿದೆ. ಕಾರಿನೊಳಗೆ ಹಿಡಿದರೆ ಎಲ್ಲ ಕಡೆಯೂ ಕೂಗಿತು. ನನ್ನ ಮೂಗು ಅದಕ್ಕಿಂತ ಕಡೆ. ಐದು ನಿಮಿಷ ವಾಸನೆಯಲ್ಲಿ ಕೂತರೆ ಮೂಗು ಒಗ್ಗಿಬಿಡುತ್ತದೆ, ಆಮೇಲೆ ಎಲ್ಲೂ ವಾಸನೆ ಇಲ್ಲ ಅನ್ನಿಸುತ್ತದೆ.

ಕೊನೆಗೆ ಸ್ಪ್ಯಾನರ್ ಪೆಟ್ಟಿಗೆ ಮುಚ್ಚಿ ಒಂದು ನೋಟ್ ಪುಸ್ತಕ ತೆಗೆದೆ. ಎಲ್ಲಿಂದ ಬರುತ್ತಿದೆ ಎಂದು ಹುಡುಕುವುದು ಬಿಟ್ಟು, ಯಾವಾಗ ಬರುತ್ತಿದೆ ಎಂದು ಬರೆಯತೊಡಗಿದೆ. ಟ್ಯಾಂಕಿನಲ್ಲಿ ಪೆಟ್ರೋಲ್ ಎಷ್ಟಿತ್ತು, ಎಂಜಿನ್ ಬಿಸಿಯೋ ತಣ್ಣಗೋ, ಓಡುತ್ತಿತ್ತೋ ನಿಂತಿತ್ತೋ, ಬ್ಲೋವರ್ ಹಾಕಿತ್ತೋ ಇಲ್ಲವೋ. ಇಷ್ಟೇ.

ಬೇರೆ ಬೇರೆ ಸೋರಿಕೆಗೆ ಬೇರೆ ಬೇರೆ ಹೊತ್ತು ಇರುತ್ತದೆ. ಬೆಳಿಗ್ಗೆ ತಣ್ಣಗಿದ್ದಾಗ ಬಂದು, ಎಂಜಿನ್ ಬಿಸಿಯಾದ ಮೇಲೆ ಹೋದರೆ ಇಂಜೆಕ್ಟರಿನ ಓ-ರಿಂಗ್, ಅಂದರೆ ಸಂದು ಮುಚ್ಚುವ ರಬ್ಬರ್ ಬಳೆ, ನೋಡಬೇಕು. ಚಳಿಗೆ ಗಡುಸಾದ ರಬ್ಬರ್ ಬಿಗಿ ಕಳೆದುಕೊಳ್ಳುತ್ತದೆ, ಬಿಸಿಗೆ ಮತ್ತೆ ಕೂರುತ್ತದೆ. ಬ್ಲೋವರ್ ಹಾಕಿದಾಗ ಜಾಸ್ತಿಯಾದರೆ ಸೋರಿಕೆ ಬಾನೆಟ್ ಒಳಗಿರುತ್ತದೆ, ಯಾಕೆಂದರೆ ಕಾರಿನೊಳಕ್ಕೆ ಹೊರಗಾಳಿ ಬರುವುದು ಮುಂದಿನ ಗಾಜಿನ ಬುಡದಿಂದ. ಹೊಗೆ ಕೊಳವೆಯ ಹತ್ತಿರ ಹಸಿ ಪೆಟ್ರೋಲ್ ವಾಸನೆ ಬಂದು ಎಂಜಿನ್ ಮುಗ್ಗರಿಸುತ್ತಿದ್ದರೆ ಅದು ಸೋರಿಕೆಯೇ ಅಲ್ಲ, ಕಿಡಿ ಕೊಡುವ ಪ್ಲಗ್ ಅಥವಾ ಕಾಯಿಲ್ ಕೆಟ್ಟು ಪೆಟ್ರೋಲ್ ಸುಡದೆ ಹೊರಬರುತ್ತಿರುತ್ತದೆ. ಆಯಿಲ್ ಡಿಪ್‌ಸ್ಟಿಕ್ ಎಳೆದು ಮೂಸಿ ನೋಡುವುದೂ ಒಳ್ಳೆಯದು. ಅದರಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಯಾವುದೋ ಇಂಜೆಕ್ಟರ್ ಮುಚ್ಚದೆ ಜಿನುಗುತ್ತಿರಬಹುದು. ಹಳೆಯ ಕೆಲವು ಕಾರುಗಳಲ್ಲಿ ಎಂಜಿನ್ ಮೇಲೆಯೇ ಪೆಟ್ರೋಲಿನ ಒತ್ತಡವನ್ನು ಹಿಡಿತದಲ್ಲಿಡುವ ಪ್ರೆಶರ್ ರೆಗ್ಯುಲೇಟರ್ ಇರುತ್ತದೆ. ಅದರ ವ್ಯಾಕ್ಯೂಮ್ ಪೈಪನ್ನು ಎಳೆದಾಗ ಒಳಗೆ ಪೆಟ್ರೋಲ್ ಕಂಡರೆ ಅದರ ಪೊರೆ ಹರಿದಿದೆ ಎಂದೇ ಲೆಕ್ಕ.

ಎರಡು ವಾರದ ನೋಟ್ ಪುಸ್ತಕದಲ್ಲಿ ನನಗೆ ಕಂಡಿದ್ದು ಇದು. ಟ್ಯಾಂಕ್ ಮುಕ್ಕಾಲಿಗಿಂತ ಮೇಲಿದ್ದಾಗ ವಾಸನೆ. ಅರ್ಧಕ್ಕಿಂತ ಕೆಳಗೆ ಬಂದರೆ ಮಾಯ. ಬಿಸಿ ತಣ್ಣಗೆ ಎಂಬ ಭೇದವಿಲ್ಲ. ಬ್ಲೋವರಿಗೂ ಅದಕ್ಕೂ ಸಂಬಂಧವಿಲ್ಲ. ಹಿಂದಿನ ಸೀಟಿನಲ್ಲಿ ಜಾಸ್ತಿ. ಜೋರಾಗಿ ಎಡಕ್ಕೆ ತಿರುಗಿಸಿದ ಮೇಲೆ ಇನ್ನೂ ಜಾಸ್ತಿ. ಅಂದರೆ ಪೆಟ್ರೋಲ್ ತುಳುಕಿದಾಗ ಟ್ಯಾಂಕಿನ ಮೇಲ್ಭಾಗದ ಯಾವುದೋ ಜಾಗವನ್ನು ಮುಟ್ಟುತ್ತಿದೆ, ಅದೂ ಬಲಗಡೆಯಲ್ಲಿ. ಮುಚ್ಚಳ ಬದಲಿಸಿದ ಮೂರು ದಿನ ವಾಸನೆ ಯಾಕೆ ಬರಲಿಲ್ಲ ಎಂಬುದೂ ಆಗ ಹೊಳೆಯಿತು. ಆ ಮೂರು ದಿನ ಟ್ಯಾಂಕ್ ಅರ್ಧಕ್ಕಿಂತ ಕೆಳಗಿತ್ತು.

ನನ್ನ ಒಂದು ಕೆಟ್ಟ ಅಭ್ಯಾಸವೂ ಸಿಕ್ಕಿಬಿತ್ತು. ಬಂಕಿನಲ್ಲಿ ನಾಝಲ್ ಟಕ್ ಎಂದು ತಾನೇ ನಿಂತ ಮೇಲೂ ಇನ್ನೆರಡು ಸಲ ಒತ್ತಿಸಿ ಲೆಕ್ಕ ರೌಂಡ್ ಮಾಡಿಸುತ್ತಿದ್ದೆ. ನಾಝಲಿನ ತುದಿಯಲ್ಲಿ ಒಂದು ಸಣ್ಣ ತೂತಿದೆ. ಪೆಟ್ರೋಲ್ ಅಲ್ಲಿಯವರೆಗೆ ಏರಿ ಅದನ್ನು ಮುಚ್ಚಿದಾಗ ನಾಝಲ್ ನಿಲ್ಲುತ್ತದೆ. ಅದರ ಮೇಲೂ ತುಂಬಿದರೆ ಆವಿಗೆ ಎಂದು ಬಿಟ್ಟ ಜಾಗವನ್ನೂ ಪೆಟ್ರೋಲ್ ಆಕ್ರಮಿಸುತ್ತದೆ. ಆವಿ ಹೋಗುವ ಪೈಪಿನಲ್ಲಿ ಪೆಟ್ರೋಲೇ ಹರಿದು ಇದ್ದಿಲ ಡಬ್ಬಿ ನೆನೆದುಹೋಗುತ್ತದೆ. ಡಬ್ಬಿಯನ್ನು ಬಿಚ್ಚಿ ಕೈಯಲ್ಲಿ ತೂಗಿ, ಅಲ್ಲಾಡಿಸಿ ನೋಡಿದೆ. ಹಗುರವಾಗಿತ್ತು, ಒಳಗೆ ಪೆಟ್ರೋಲ್ ಸದ್ದು ಇಲ್ಲ, ಇದ್ದಿಲ ಕಾಳೂ ಉದುರಲಿಲ್ಲ. ಅದೃಷ್ಟ. ರೌಂಡ್ ಮಾಡಿಸುವುದನ್ನು ನಿಲ್ಲಿಸಿದೆ. ವಾಸನೆ ಕಡಿಮೆಯಾಯಿತು, ಆದರೆ ಹೋಗಲಿಲ್ಲ.

ಹಾಗಾದರೆ ಹಿಂದಿನ ಸೀಟು ಎತ್ತಲೇಬೇಕು. ಇಲ್ಲೊಂದು ಪೇಚಾಟ ಇದೆ. ಟ್ಯಾಂಕ್ ಬಿಚ್ಚಬೇಕಾದರೆ ಪೆಟ್ರೋಲ್ ಕಡಿಮೆ ಇರಬೇಕು, ಕಾಲು ಭಾಗಕ್ಕಿಂತ ಕೆಳಗೆ. ಆದರೆ ನನ್ನ ಸೋರಿಕೆ ಕಾಣಿಸುವುದು ಟ್ಯಾಂಕ್ ತುಂಬಿದಾಗ. ಅದಕ್ಕೆ ಎರಡು ಕಂತಿನಲ್ಲಿ ಮಾಡಿದೆ. ಮೊದಲ ಕಂತಿನಲ್ಲಿ ತುಂಬಿದ ಟ್ಯಾಂಕ್, ಬರೀ ನೋಡುವುದು, ಟ್ಯಾಂಕಿನ ಮೇಲೆ ಒಂದನ್ನೂ ಸಡಿಲಿಸುವಂತಿಲ್ಲ.

ಸೀಟು ಮುಂದಿನ ಎರಡು ಕ್ಲಿಪ್ಪಿನಲ್ಲಿ ನಿಂತಿತ್ತು, ಎತ್ತಿದರೆ ಬಂತು. ಕಾರ್ಪೆಟ್ ಕೆಳಗೆ ಅಂಗೈ ಅಗಲದ ತಗಡಿನ ಮುಚ್ಚಳ. ನಾಲ್ಕು ಸ್ಕ್ರೂ ಇರಬೇಕಾದ ಕಡೆ ಎರಡೇ ಇದ್ದವು. ಅಂಚಿನ ಕಪ್ಪು ಅಂಟು ಒಣಗಿ ತುಂಡು ತುಂಡಾಗಿತ್ತು. ಗ್ಯಾರೇಜಿನವರು ಪಂಪು ಹಾಕಿ ಮುಚ್ಚುವಾಗ ಕೈಗೆ ಸಿಕ್ಕಿದ ಎರಡನ್ನು ಬಿಗಿದು ಕಳಿಸಿದ್ದಾರೆ. ಈ ತಗಡನ್ನು ಯಾರೂ ಲೆಕ್ಕಕ್ಕೆ ಇಡುವುದಿಲ್ಲ. ಆದರೆ ಟ್ಯಾಂಕಿಗೂ ನಾವು ಕೂರುವ ಜಾಗಕ್ಕೂ ನಡುವೆ ಇರುವ ಗೋಡೆ ಇದೊಂದೇ. ಅದು ಬಿಗಿಯಾಗಿದ್ದರೆ ಕೆಳಗೆ ಸ್ವಲ್ಪ ಜಿನುಗಿದರೂ ಆವಿ ಹೊರಗಾಳಿಗೆ ಹೋಗುತ್ತದೆ, ಒಳಗೆ ಬರುವುದಿಲ್ಲ.

ತಗಡು ಎತ್ತಿದೆ. ಪಂಪಿನ ತಲೆಯ ಮೇಲೆ ಎರಡು ಬೆರಳು ದಪ್ಪ ಧೂಳು. ಸುತ್ತಲೂ ಬೂದಿ ಬಣ್ಣ, ಬಲಗಡೆ ಮಾತ್ರ ಅರ್ಧಚಂದ್ರದ ಹಾಗೆ ಕಪ್ಪಗೆ ಮೆತ್ತಿಕೊಂಡಿತ್ತು. ಖಾತ್ರಿ ಮಾಡಿಕೊಳ್ಳಲು ಧೂಳನ್ನು ಬ್ರಷ್ ಮತ್ತು ಒದ್ದೆ ಬಟ್ಟೆಯಿಂದ ತೆಗೆದೆ. ವ್ಯಾಕ್ಯೂಮ್ ಕ್ಲೀನರ್ ಇಲ್ಲಿ ಬೇಡ, ಅದರ ಮೋಟರು ಕಿಡಿ ಹಾರಿಸುತ್ತದೆ, ಆವಿಯನ್ನು ಆ ಕಿಡಿಯ ಮೇಲೇ ಎಳೆದುಕೊಳ್ಳುತ್ತದೆ. ಒಣಗಿದ ಮೇಲೆ ಸೀಮೆಸುಣ್ಣ ಪುಡಿಮಾಡಿ ಪಂಪಿನ ಸುತ್ತ, ಪೈಪು ಸೇರುವ ಕಡೆ ಎಲ್ಲ ಉದುರಿಸಿದೆ. ತಗಡು ಮುಚ್ಚಿ, ಖಾಲಿ ಬಯಲಿನಲ್ಲಿ ಎಡಕ್ಕೆ ಐದು ಸುತ್ತು, ಬಲಕ್ಕೆ ಐದು ಸುತ್ತು ಹೊಡೆದೆ. ನೋಡಿದವರು ಏನೆಂದುಕೊಂಡರೋ! ತೆಗೆದು ನೋಡಿದರೆ ಪೈಪಿನ ಕಡೆ ಪುಡಿ ಬೆಳ್ಳಗೇ ಇತ್ತು. ಬಲಗಡೆ, ಪಂಪಿನ ತಲೆ ಟ್ಯಾಂಕಿಗೆ ಕೂರುವ ಸಂದಿನಲ್ಲಿ, ಬೆರಳುದ್ದ ಒದ್ದೆ.

ಇಲ್ಲಿ ಒಂದು ಮಾತು. ಪಂಪಿನಿಂದ ಎಂಜಿನ್ನಿಗೆ ಹೋಗುವ ಪೈಪಿನಲ್ಲಿ 3 ರಿಂದ 4 ಬಾರ್ ಒತ್ತಡ ಇರುತ್ತದೆ. ಅದು ಸೋರಿದರೆ ಚಿಮ್ಮುತ್ತದೆ, ಕಾರಿನ ಕೆಳಗೆ ಮಡುವೇ ಆಗುತ್ತದೆ. ಆದರೆ ಪಂಪಿನ ತಲೆಯ ಕೆಳಗಿರುವ ದೊಡ್ಡ ಓ-ರಿಂಗಿಗೆ ಆ ಒತ್ತಡ ಮುಟ್ಟುವುದಿಲ್ಲ. ಅದು ತಡೆಯುವುದು ಆವಿಯನ್ನು ಮತ್ತು ತುಳುಕುವ ಪೆಟ್ರೋಲನ್ನು ಅಷ್ಟೇ. ಅದಕ್ಕೇ ಒಂದು ಹನಿಯೂ ನೆಲಕ್ಕೆ ಬೀಳದೆ ಎರಡು ವರ್ಷ ಕಳೆದದ್ದು.

ಒಂದು ವಾರ ಓಡಿಸಿ ಟ್ಯಾಂಕನ್ನು ಇಳಿಸಿದೆ. ಎರಡನೇ ಕಂತು ಭಾನುವಾರ, ಬಯಲಿನಲ್ಲಿ, ಬೆಳಗಿನ ತಂಪಿನಲ್ಲಿ. ಜೊತೆಗೆ ಭಾವ ಬಂದಿದ್ದರು. ಅವರ ಕೈಗೆ ಪುಡಿ ತುಂಬಿದ ಬೆಂಕಿ ಆರಿಸುವ ಸಿಲಿಂಡರ್ ಕೊಟ್ಟು, ಗಾಳಿ ಬರುವ ದಿಕ್ಕಿನ ಕಡೆ ನಿಲ್ಲಲು ಹೇಳಿದೆ. ಪೆಟ್ರೋಲ್ ಬೆಂಕಿಗೆ ನೀರು ಹಾಕಿದರೆ ಪೆಟ್ರೋಲ್ ನೀರಿನ ಮೇಲೆ ತೇಲಿಕೊಂಡು ಬೆಂಕಿಯನ್ನೂ ಹರಡುತ್ತದೆ. ಅವರು ವೈರಿನ ಬಲ್ಬು ತಂದಿದ್ದರು, "ಬೆಳಕು ಚೆನ್ನಾಗಿ ಬರುತ್ತೆ ಕಣೋ" ಎಂದರು. ಬೇಡ ಭಾವ ಎಂದು ದೂರ ಇಡಿಸಿದೆ. ಬಿಸಿ ಬಲ್ಬು ಒಡೆದರೆ ಅಲ್ಲಿಗೆ ಕಥೆ ಮುಗಿಯಿತು. ಎಲ್‌ಇಡಿ ಟಾರ್ಚನ್ನು ಹೊರಗೇ ಆನ್ ಮಾಡಿ, ಆಮೇಲೆ ಒಳಗೆ ತಂದೆ.

ಮೊದಲು ಪೈಪಿನ ಒತ್ತಡ ಇಳಿಸಬೇಕು. ಪಂಪಿನ ಫ್ಯೂಸ್ ಕಿತ್ತು ಎಂಜಿನ್ ಸ್ಟಾರ್ಟ್ ಮಾಡಿದೆ. ಅರೆ ನಿಮಿಷ ಓಡಿ ತಾನೇ ನಿಂತಿತು. ಇನ್ನೆರಡು ಸಲ ಸೆಲ್ಫ್ ಹೊಡೆದೆ. ಆಮೇಲೆ ಬ್ಯಾಟರಿಯ ನೆಗೆಟಿವ್ ಕಳಚಿದೆ. ಬಾಗಿಲು ತೆರೆದರೆ ಹತ್ತುವ ಒಳಗಿನ ದೀಪವೂ ಅದರಿಂದ ಸತ್ತಿತು. ನಾಲ್ಕೂ ಬಾಗಿಲು ತೆರೆದು ಅರ್ಧ ಗಂಟೆ ಸುಮ್ನೆ ಕೂತೆವು. ಹತ್ತಿ ಬಟ್ಟೆ ಹಾಕಿದ್ದೆ. ಕೆಲಸಕ್ಕೆ ಕೈ ಹಾಕುವ ಮುಂಚೆ ಪ್ರತಿ ಸಲ ಕಾರಿನ ಬರಿ ಲೋಹವನ್ನು ಮುಟ್ಟುತ್ತಿದ್ದೆ, ಮೈಯಲ್ಲಿ ಕರೆಂಟ್ ಕೂತಿದ್ದರೆ ಅಲ್ಲಿಗೇ ಇಳಿಯಲಿ ಎಂದು.

ಪೈಪಿನ ಕ್ಲಿಪ್ಪಿಗೆ ಬಟ್ಟೆ ಸುತ್ತಿ ಎರಡು ಕಿವಿ ಒತ್ತಿ ಎಳೆದೆ. ಒತ್ತಡ ಇಳಿಸಿದ್ದರೂ ಎರಡು ಚಮಚದಷ್ಟು ಬಂತು. ಪಂಪನ್ನು ಹಿಡಿದಿರುವ ದೊಡ್ಡ ಪ್ಲಾಸ್ಟಿಕ್ ರಿಂಗಿನ ಮೇಲೂ ಟ್ಯಾಂಕಿನ ಮೇಲೂ ಸೇರುವಂತೆ ಬಿಳಿ ಗೆರೆ ಎಳೆದೆ, ವಾಪಸ್ ಹಾಕುವಾಗ ಎಲ್ಲಿಗೆ ನಿಲ್ಲಿಸಬೇಕು ಎಂದು ಗೊತ್ತಾಗಲು. ಈ ರಿಂಗ್ ಬಿಚ್ಚಲು ಅದರದೇ ಟೂಲ್ ಇದೆ. ನನ್ನ ಹತ್ತಿರ ಇರಲಿಲ್ಲ. ಒಂದು ಗಟ್ಟಿ ಮರದ ತುಂಡನ್ನು ರಿಂಗಿನ ಮೇಲೆ ಎದ್ದು ನಿಂತ ಏಣುಗಳಿಗೆ ಒರಗಿಸಿ, ರಬ್ಬರ್ ಸುತ್ತಿಗೆಯಿಂದ ಒಮ್ಮೆ ಈ ಕಡೆ, ಒಮ್ಮೆ ಎದುರು ಕಡೆ ತಟ್ಟುತ್ತ ಹೋದೆ. ಇಪ್ಪತ್ತು ನಿಮಿಷ ಹಿಡಿಯಿತು. ಉಕ್ಕಿನ ಸ್ಕ್ರೂಡ್ರೈವರ್ ಮತ್ತು ಕಬ್ಬಿಣದ ಸುತ್ತಿಗೆ ಹಿಡಿದಿದ್ದರೆ ಎರಡೇ ನಿಮಿಷದ ಕೆಲಸ. ಹಿಂದೆ ಯಾರೋ ಹಾಗೇ ಮಾಡಿದ್ದಾರೆ, ಎರಡು ಏಣು ಮುರಿದಿದ್ದವು.

ಪಂಪನ್ನು ನೇರ ಎಳೆಯಬಾರದು, ಪೆಟ್ರೋಲ್ ಮಟ್ಟ ತೋರಿಸುವ ತೇಲುಗುಂಡಿನ ತಂತಿ ಬಾಗುತ್ತದೆ. ಓರೆ ಮಾಡಿ, ತಿರುಗಿಸಿ ಎತ್ತಿದೆ. ಪಂಪಿನ ಬಟ್ಟಲಿನಲ್ಲಿ ಉಳಿದಿದ್ದ ಪೆಟ್ರೋಲ್ ಟ್ರೇಗೆ ಸುರಿಯಿತು. ಟ್ಯಾಂಕಿನ ಬಾಯಿಗೆ ಒದ್ದೆ ಬಟ್ಟೆ ಮುಚ್ಚಿದೆ.

ಓ-ರಿಂಗ್ ನೋಡಿದ ಕೂಡಲೇ ಕಥೆಯೆಲ್ಲ ಗೊತ್ತಾಯಿತು. ಎಡಗಡೆ ದುಂಡಗಿದೆ. ಬಲಗಡೆ ಒಂದಿಷ್ಟುದ್ದ ಚಪ್ಪಟೆ, ಅದರ ನಡುವೆ ಹಲ್ಲಿನಿಂದ ಕಚ್ಚಿದಂತೆ ಒಂದು ಗಾಯ. ಪಂಪು ಬದಲಿಸಿದಾಗ ಹಳೆಯದನ್ನೇ ವಾಪಸ್ ಹಾಕಿದ್ದಾರೆ. ಪೆಟ್ರೋಲಿನಲ್ಲಿ ನೆನೆದ ರಬ್ಬರ್ ಊದಿಕೊಂಡಿರುತ್ತದೆ. ಒಮ್ಮೆ ತೆಗೆದರೆ ತನ್ನ ಹಳ್ಳದಲ್ಲಿ ಮತ್ತೆ ಸರಿಯಾಗಿ ಕೂರುವುದಿಲ್ಲ, ಒಂದು ಕಡೆ ಎದ್ದು ನಿಲ್ಲುತ್ತದೆ. ಅದರ ಮೇಲೇ ರಿಂಗ್ ಬಿಗಿದರೆ ಹೀಗೆ ಸಿಕ್ಕಿಹಾಕಿಕೊಂಡು ಜಜ್ಜಿಹೋಗುತ್ತದೆ. ಹೊಸದರ ಪಕ್ಕ ಇಟ್ಟಾಗ ಹಳೆಯದರ ಸುತ್ತಳತೆ ಕಿರುಬೆರಳಿನ ಅಗಲದಷ್ಟು ಜಾಸ್ತಿ ಇತ್ತು.

ಹೊಸದನ್ನು ಕಾರಿನ ಪಾರ್ಟ್ ನಂಬರ್ ಹೇಳಿಯೇ ತಂದಿದ್ದೆ. ಅಳತೆಗೆ ಸರಿಹೋಗುವ ಯಾವುದೋ ಓ-ರಿಂಗ್ ಆಗುವುದಿಲ್ಲ. ನೀರಿನ ನಲ್ಲಿಗೆ ಮಾಡಿದ ರಬ್ಬರ್ ಪೆಟ್ರೋಲಿನಲ್ಲಿ ಹಪ್ಪಳದ ಹಾಗೆ ಉಬ್ಬಿಬಿಡುತ್ತದೆ. ಎಥನಾಲ್ ಬೆರೆಸಿದ ಪೆಟ್ರೋಲಿನಲ್ಲಿ ನೈಟ್ರೈಲ್ ರಬ್ಬರಿಗಿಂತ ವೈಟಾನ್ ಎಂಬ ರಬ್ಬರ್ ಜಾಸ್ತಿ ತಾಳುತ್ತದೆ. ಗ್ರೀಸ್ ಹಚ್ಚಲಿಲ್ಲ, ಪೆಟ್ರೋಲ್ ಅದನ್ನು ಕರಗಿಸಿ ಟ್ಯಾಂಕಿಗೆ ಇಳಿಸುತ್ತದೆ. ಪಂಪಿನ ತಲೆಯ ಪ್ಲಾಸ್ಟಿಕ್ಕಿನಲ್ಲಿ ಕೂದಲೆಳೆ ಬಿರುಕು ಇದೆಯೇ ಎಂದು ಉಗುರಿನಿಂದ ಸವರಿ ನೋಡಿದೆ. ಇರಲಿಲ್ಲ. ಬಿರುಕಿದ್ದರೆ ಓ-ರಿಂಗ್ ಬದಲಿಸಿ ಪ್ರಯೋಜನವೇ ಇಲ್ಲ.

ವಾಪಸ್ ಹಾಕುವುದು ಹತ್ತು ನಿಮಿಷ. ಓ-ರಿಂಗ್ ಕೂತಿದೆಯೇ ಎಂದು ಬೆರಳಿನಿಂದ ಸುತ್ತಲೂ ಮುಟ್ಟಿ ನೋಡಿದೆ. ಭಾವ ಪಂಪಿನ ತಲೆಯನ್ನು ಎರಡೂ ಕೈಯಿಂದ ಸಮನಾಗಿ ಒತ್ತಿ ಹಿಡಿದರು, ನಾನು ರಿಂಗನ್ನು ಬರಿಗೈಯಿಂದ ತಿರುಗಿಸಿ ಥ್ರೆಡ್ ಹಿಡಿಸಿದೆ. ಮೊದಲ ಸಲ ಓರೆಯಾಗಿ ಹತ್ತಿತು, ಬಿಚ್ಚಿ ಮತ್ತೆ ಹಾಕಿದೆ. ಬಿಳಿ ಗೆರೆ ಗೆರೆಗೆ ಸೇರುವವರೆಗೆ ತಟ್ಟಿದೆ. ಪೈಪಿನ ಕ್ಲಿಪ್ ಟಕ್ ಎಂದ ಮೇಲೆ ಎಳೆದೂ ನೋಡಿದೆ. ಬ್ಯಾಟರಿ, ಫ್ಯೂಸ್ ಹಾಕಿ, ಸ್ಟಾರ್ಟ್ ಮಾಡದೆ ಕೀಯನ್ನು ಮೂರು ಸಲ ಆನ್ ಆಫ್ ಮಾಡಿದೆ. ಪ್ರತಿ ಸಲ ಪಂಪು ಒಂದೆರಡು ಸೆಕೆಂಡ್ ಗುಂಯ್‌ಗುಟ್ಟಿ ಪೈಪು ತುಂಬಿಸುತ್ತದೆ. ಟಿಶ್ಯೂ ಪೇಪರ್ ಒಣಗಿಯೇ ಇತ್ತು. ಆಮೇಲೆ ಸ್ಟಾರ್ಟ್ ಮಾಡಿ ಹತ್ತು ನಿಮಿಷ ಬಿಟ್ಟು ಮತ್ತೆ ನೋಡಿದೆ. ತಗಡಿನ ಅಂಚಿಗೆ ಹೊಸ ಬ್ಯೂಟೈಲ್ ರಬ್ಬರಿನ ಅಂಟುಪಟ್ಟಿ ಅಂಟಿಸಿ, ನಾಲ್ಕೂ ಸ್ಕ್ರೂ ಹಾಕಿ ಮುಚ್ಚಿದೆ.

ಟ್ಯಾಂಕ್ ತುಂಬಿಸಿದೆ, ಮೊದಲ ಟಕ್‌ಗೇ ನಿಲ್ಲಿಸಿದೆ. ಬಯಲಿನಲ್ಲಿ ಮತ್ತೆ ಸುತ್ತು ಹೊಡೆದೆ. ಆದರೂ ಒಳಗೆ ಸಣ್ಣಗೆ ವಾಸನೆ! ಎದೆ ಧಸಕ್ ಎಂದಿತು. ಅದು ಕಾರ್ಪೆಟ್ ಕೆಳಗಿನ ದಪ್ಪ ಹಾಸು ಹೀರಿಕೊಂಡಿದ್ದ ಹಳೆ ವಾಸನೆ. ಹಾಸನ್ನು ಕಿತ್ತು ಬಿಸಿಲಿಗೆ ಎರಡು ದಿನ ಹಾಕಿದೆ, ಕಾರ್ಪೆಟ್ಟನ್ನು ಸೋಪು ನೀರಿನಲ್ಲಿ ತೊಳೆದೆ.

ಮುಗಿಯಿತು ಎಂದು ನೋಟ್ ಪುಸ್ತಕ ಎತ್ತಿಟ್ಟಿದ್ದೆ. ಮೂರು ವಾರ ಬಿಟ್ಟು ಬಂಕಿನಿಂದ ಬಂದು ಇಳಿದಾಗ ಹೊರಗೆ, ಪೆಟ್ರೋಲ್ ಹಾಕುವ ಕಡೆಯ ಹಿಂದಿನ ಚಕ್ರದ ಹತ್ತಿರ, ಮತ್ತೆ ವಾಸನೆ. ಕಾರಿನೊಳಗೆ ಇಲ್ಲ, ಹೊರಗೆ ಮಾತ್ರ. ಈ ಸಲ ಊಹೆ ಮಾಡಲು ಹೋಗಲಿಲ್ಲ. ಟ್ಯಾಂಕ್ ತುಂಬಿದ ಕೂಡಲೇ, ಹೊರಗೆ, ಒಂದೇ ಪಕ್ಕ ಎಂದರೆ ಪೆಟ್ರೋಲ್ ಇಳಿಯುವ ಕೊಳವೆಯ ಕಡೆ. ಜಾಕ್ ಹಾಕಿ, ಸ್ಟ್ಯಾಂಡ್ ಕೊಟ್ಟು, ಚಕ್ರ ಮತ್ತು ಒಳಗಿನ ಪ್ಲಾಸ್ಟಿಕ್ ಹೊದಿಕೆ ಬಿಚ್ಚಿದೆ. ದಪ್ಪ ಕೊಳವೆಯ ಜೊತೆ ಒಂದು ಸಣ್ಣ ಪೈಪು ಹೋಗುತ್ತದೆ, ಪೆಟ್ರೋಲ್ ಇಳಿಯುವಾಗ ಟ್ಯಾಂಕಿನ ಗಾಳಿ ಮೇಲೆ ಬರಲು. ನೋಡಲು ಚೆನ್ನಾಗಿಯೇ ಇತ್ತು. ಹೆಬ್ಬೆರಳಿನಿಂದ ಬಾಗಿಸಿದಾಗ ಬತ್ತಿದ ಕೆರೆಯ ಹಾಗೆ ಬಿರುಕು ಬಾಯಿಬಿಟ್ಟವು.

ಇದಕ್ಕೆ ಒತ್ತಡ ಇಲ್ಲ. ಹಾಗಾಗಿ ಎಸ್‌ಎಇ ಜೆ30 ಎಂಬ ಪೆಟ್ರೋಲ್ ಪೈಪುಗಳ ಮಾನದಂಡದಲ್ಲಿ ಆರ್7 ದರ್ಜೆಯ ಹೋಸ್ ಸಾಕಾಯಿತು. ಇಂಜೆಕ್ಷನ್ ಒತ್ತಡದ ಪೈಪಿಗೆ ಆರ್9 ಬೇಕು. ಟ್ಯಾಂಕಿನ ಒಳಗೆ ಮುಳುಗಿರುವ ಪೈಪಿಗೆ ಇವೆರಡೂ ಆಗದು, ಹೊರಗಿನ ಪದರವೇ ಕರಗಿಹೋಗುತ್ತದೆ, ಅದಕ್ಕೆ ಆರ್10 ಎಂದು ಬೇರೆಯೇ ಬರುತ್ತದೆ. ಕೊಳವೆಯ ತುದಿಯಲ್ಲಿ ತುಕ್ಕಿನ ಹಕ್ಕಳೆ ಇತ್ತು. ಕೈಯಲ್ಲೇ ಉಜ್ಜಿ ನುಣುಪು ಮಾಡಿದೆ, ಇಲ್ಲದಿದ್ದರೆ ಹೊಸ ಪೈಪು ಹಾಕಿದರೂ ಸಂದಿನಲ್ಲಿ ಜಿನುಗುತ್ತದೆ. ಕ್ಲ್ಯಾಂಪ್ ಒಳಮೈ ನುಣುಪಾಗಿರುವುದನ್ನು ಹಾಕಿದೆ. ಗೀರು ಕೊರೆದ ಮಾಮೂಲಿ ಕ್ಲ್ಯಾಂಪ್ ರಬ್ಬರನ್ನು ಕತ್ತರಿಸುತ್ತದೆ.

ನೋಟ್ ಪುಸ್ತಕದ ಕೊನೆಯ ಸಾಲು: "ಫುಲ್ ಟ್ಯಾಂಕ್. ಕಿಟಕಿ ಮುಚ್ಚಿ ರಾತ್ರಿಯಿಡೀ ನಿಲ್ಲಿಸಿದ್ದು. ವಾಸನೆ ಇಲ್ಲ." ಬರೆದದ್ದು ನಾನು, ಮೂಸಿದ್ದು ಮಗಳು. ನನ್ನ ಮೂಗಿನ ಮೇಲೆ ಮನೆಯಲ್ಲಿ ಯಾರಿಗೂ ನಂಬಿಕೆ ಉಳಿದಿಲ್ಲ. ಬೆಳಿಗ್ಗೆ ಬಾಗಿಲು ತೆಗೆದು ತಲೆ ಒಳಗೆ ಹಾಕಿ, ಎರಡು ಸಲ ಉಸಿರೆಳೆದು, "ಪೆಟ್ರೋಲ್ ಹೋಯ್ತು ಅಪ್ಪ. ಈಗ ಬರೀ ಒದ್ದೆ ಕಾರ್ಪೆಟ್ ವಾಸನೆ" ಎಂದಳು.